ಸುಭಾಷ್‌ಚಂದ್ರ ಬೋಸರ ಬಗ್ಗೆ ಉಪನ್ಯಾಸ ಸಿದ್ಧಪಡಿಸುವುದು ಹೇಗೆ

ಸುಭಾಷ್‌ಚಂದ್ರ ಬೋಸರ ಜನ್ಮದಿನವಾದ ಜನವರಿ 23 ಹತ್ತಿರವಾದಂತೆ ಬೆಂಗಳೂರಿನ ಬಡಾವಣೆಗಳಲ್ಲಿ ಒಂದು ಹುಡುಕಾಟ ಶುರುವಾಗುತ್ತದೆ. ವಾಚನಾಲಯದ ಕಾರ್ಯದರ್ಶಿಗೆ, ಹಿರಿಯ ನಾಗರಿಕರ ವೇದಿಕೆಯವರಿಗೆ, ಕಾಲೇಜಿನ ಇತಿಹಾಸ ವಿಭಾಗಕ್ಕೆ, ಸುಭಾಷ್‌ಚಂದ್ರ ಬೋಸರ ಬಗ್ಗೆ ನಲವತ್ತು ನಿಮಿಷ ಮಾತನಾಡುವ ಒಬ್ಬರು ಬೇಕಾಗಿರುತ್ತಾರೆ. ಒಪ್ಪಿಕೊಂಡವರು ಹಿಂದಿನ ರಾತ್ರಿ ಒಂದು ಜೀವನಚರಿತ್ರೆ ತಿರುವಿ ಹಾಕಿ, ಮೊಬೈಲಿಗೆ ಬಂದ ನಾಲ್ಕು ಸಂದೇಶಗಳನ್ನು ಸೇರಿಸಿಕೊಂಡು ವೇದಿಕೆ ಹತ್ತುವುದೂ ಉಂಟು. ನಾನೂ ಒಮ್ಮೆ ಹಾಗೆಯೇ ಹತ್ತಿದ್ದೆ. ಬಸವನಗುಡಿಯ ಒಂದು ಸಣ್ಣ ಸಭಾಂಗಣದಲ್ಲಿ, ಭಾರತ ಬಿಡಲು ಬೋಸರ ಸೇನೆಯೇ ಕಾರಣ, ಗಾಂಧೀಜಿಯ ಪ್ರಭಾವ ತೀರಾ ಅಲ್ಪ ಎಂದು ಬ್ರಿಟನ್ನಿನ ಪ್ರಧಾನಿ ಅಟ್ಲಿಯವರೇ ಒಪ್ಪಿಕೊಂಡಿದ್ದಾರೆ ಎಂದು ಗಟ್ಟಿದನಿಯಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದೆ. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಚಪ್ಪಾಳೆ ನಿಲ್ಲುವವರೆಗೆ ಕಾದು, "ಅಟ್ಲಿ ಇದನ್ನು ಎಲ್ಲಿ ಬರೆದಿದ್ದಾರೆ, ಸ್ವಾಮಿ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಈ ಬರಹದಲ್ಲಿರುವ ಕ್ರಮವೆಲ್ಲ ಆ ಪ್ರಶ್ನೆಯ ನಂತರ ನಾನು ರೂಢಿಸಿಕೊಂಡದ್ದು.

ವಾದ ಒಂದಲ್ಲ, ನಾಲ್ಕು

ಬೋಸರು ವಾದಗ್ರಸ್ತ ವ್ಯಕ್ತಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಯಾವ ವಾದ ಎಂದು ಕೇಳಿದರೆ ಉತ್ತರ ಕಲಸಿಹೋಗುತ್ತದೆ. ಟಿಪ್ಪಣಿ ಮಾಡಿಕೊಳ್ಳುವ ಮೊದಲೇ ಇದನ್ನು ಬಿಡಿಸಿಕೊಳ್ಳಬೇಕು. ಮೊದಲನೆಯದು 1939ರ ಕಾಂಗ್ರೆಸ್ಸಿನ ಒಳಜಗಳ: ಚುನಾಯಿತ ಅಧ್ಯಕ್ಷರನ್ನು ಕೆಲಸ ಮಾಡಲು ಬಿಡದೆ ಹೊರಹಾಕಲಾಯಿತೇ, ಅಥವಾ ಬಹುಮತವಿಲ್ಲದ ಕಾರ್ಯಕಾರಿ ಸಮಿತಿಯನ್ನು ಕಟ್ಟಲಾರದೆ ಅವರೇ ಹೊರಬಂದರೇ? ಎರಡನೆಯದು 1941ರಿಂದ 1945ರವರೆಗೆ ಜರ್ಮನಿ ಮತ್ತು ಜಪಾನ್‌ಗಳ ಜೊತೆ ಮಾಡಿಕೊಂಡ ಮೈತ್ರಿ. ಮೂರನೆಯದು ಸ್ವಾತಂತ್ರ್ಯ ಬರುವುದರಲ್ಲಿ ಬೋಸರ ಸೇನೆಯಾದ ಆಜಾದ್ ಹಿಂದ್ ಫೌಜಿನ ಪಾಲು ಎಷ್ಟು ಎಂಬುದು. ನಾಲ್ಕನೆಯದು 1945ರ ಆಗಸ್ಟ್ 18ರ ವಿಮಾನ ಅಪಘಾತದಲ್ಲಿ ಅವರು ನಿಜವಾಗಿ ತೀರಿಕೊಂಡರೇ ಎಂಬುದು.

ಈ ನಾಲ್ಕಕ್ಕೂ ಬೇರೆ ಬೇರೆ ಆಕರಗಳಿವೆ, ಬೇರೆ ಬೇರೆ ಸಾಕ್ಷಿಗಳಿದ್ದಾರೆ. ಒಂದರ ಉತ್ತರ ಇನ್ನೊಂದಕ್ಕೆ ಒದಗುವುದಿಲ್ಲ. 1939ರಲ್ಲಿ ಬೋಸರಿಗೆ ಅನ್ಯಾಯವಾಯಿತು ಎಂದು ಒಪ್ಪಿದ ಮಾತ್ರಕ್ಕೆ 1941ರ ಬರ್ಲಿನ್ ನಿರ್ಧಾರ ಸರಿಯಾಗಿತ್ತು ಎಂದಾಗುವುದಿಲ್ಲ. ಬರ್ಲಿನ್ನಿಗೆ ಹೋದದ್ದು ತಪ್ಪು ಎಂದುಕೊಂಡರೂ ಫೌಜಿನ ಅಧಿಕಾರಿಗಳ ಮೇಲೆ ನಡೆದ 1945ರ ಕೆಂಪುಕೋಟೆಯ ವಿಚಾರಣೆ ದೇಶವನ್ನು ಅಲುಗಾಡಿಸಿದ್ದು ಸುಳ್ಳಾಗುವುದಿಲ್ಲ. ಸಭೆಗಳಲ್ಲಿ ಜಗಳವಾಗುವುದು ಬಹುಮಟ್ಟಿಗೆ ಒಬ್ಬರು ಮೊದಲನೆಯ ವಾದದಲ್ಲಿದ್ದು ಇನ್ನೊಬ್ಬರು ಎರಡನೆಯದರಲ್ಲಿ ಇರುವುದರಿಂದ. ನಲವತ್ತು ನಿಮಿಷದ ಉಪನ್ಯಾಸಕ್ಕೆ ಒಂದು ವಾದ ಸಾಕು, ಹೆಚ್ಚೆಂದರೆ ಎರಡು. ಆಯ್ಕೆ ಮಾಡಿಕೊಂಡದ್ದನ್ನು ಸಭೆಯ ಆಹ್ವಾನಪತ್ರಿಕೆಯಲ್ಲೇ ಮುದ್ರಿಸಲು ಹೇಳಿ. "ನೇತಾಜಿ: ಒಂದು ನೆನಪು" ಎಂದು ಅಚ್ಚಾದರೆ ಜನ ನಾಲ್ಕನ್ನೂ ನಿರೀಕ್ಷಿಸಿ ಬರುತ್ತಾರೆ.

ಇಸವಿಯ ಹಾಳೆ

ಎರಡನೆಯ ಕೆಲಸ, ಒಂದು ದೊಡ್ಡ ಹಾಳೆಯಲ್ಲಿ ಎರಡು ಅಂಕಣ ಎಳೆಯುವುದು. ಎಡಗಡೆ ಬೋಸರ ಜೀವನದ ದಿನಾಂಕಗಳು, ಬಲಗಡೆ ಅದೇ ದಿನಗಳಲ್ಲಿ ನಮ್ಮ ಕಡೆ ಏನು ನಡೆಯುತ್ತಿತ್ತು ಎಂಬುದು. ಬಲಗಡೆಯ ಅಂಕಣವನ್ನು ಅಲಂಕಾರವೆಂದು ಭಾವಿಸಬೇಡಿ. ಕೇಳುವವರು ಬೆಂಗಳೂರಿನವರು. ಹರಿಪುರ, ತ್ರಿಪುರಿ, ಮೊಯಿರಾಂಗ್ ಎಂಬ ಹೆಸರುಗಳು ಅವರಿಗೆ ದೂರದವು, ವಿದುರಾಶ್ವತ್ಥ ಹತ್ತಿರದ್ದು.

ಉದಾಹರಣೆಗೆ 1938ನ್ನು ತೆಗೆದುಕೊಳ್ಳಿ. ಫೆಬ್ರವರಿಯಲ್ಲಿ ಹರಿಪುರದ ಅಧಿವೇಶನದಲ್ಲಿ ಬೋಸರು ಕಾಂಗ್ರೆಸ್ ಅಧ್ಯಕ್ಷರಾದರು. ದೇಶೀಯ ಸಂಸ್ಥಾನಗಳ ಹೋರಾಟದ ಹೊಣೆಯನ್ನು ಅಲ್ಲಿನ ಜನರೇ ಹೊರಬೇಕು, ಕಾಂಗ್ರೆಸ್ಸಿನ ಹೆಸರಿನಲ್ಲಿ ಅಲ್ಲಿ ನೇರ ಚಳವಳಿ ನಡೆಯಕೂಡದು ಎಂಬ ನಿರ್ಣಯ ಅದೇ ಅಧಿವೇಶನದ್ದು. ಎರಡು ತಿಂಗಳೂ ಕಳೆಯಲಿಲ್ಲ, ಏಪ್ರಿಲ್ 11ರಂದು ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿಗರು ನಿಷೇಧವನ್ನು ಮುರಿದು ಧ್ವಜ ಹಾರಿಸಿದರು. ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ನಡೆಯಿತು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಇಂದಿಗೂ ಹೊಂದಾಣಿಕೆಯಿಲ್ಲ. ಕಾಂಗ್ರೆಸ್ ಕಾರ್ಯಕಾರಿ ಸಮಿತಿಯ ಪರವಾಗಿ ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡೆಸಿದರು. ಇಷ್ಟೂ ನಡೆದಾಗ ಕಾಂಗ್ರೆಸ್ಸಿನ ಅಧ್ಯಕ್ಷಪೀಠದಲ್ಲಿದ್ದವರು ಬೋಸರು. ಅವರನ್ನು ಸಮವಸ್ತ್ರದಲ್ಲಿ ಮಾತ್ರ ಕಂಡವರಿಗೆ ಈ ಒಂದು ವರ್ಷ ಬೇರೊಬ್ಬ ಬೋಸರನ್ನು ತೋರಿಸುತ್ತದೆ: ನಿರ್ಣಯಗಳು, ಉಪಸಮಿತಿಗಳು, ಸಂಧಾನಗಳ ನಡುವೆ ಸಿಕ್ಕಿಕೊಂಡ ಪಕ್ಷದ ಅಧ್ಯಕ್ಷ, ಅದೇ ವರ್ಷ ರಾಷ್ಟ್ರೀಯ ಯೋಜನಾ ಸಮಿತಿಯನ್ನು ರಚಿಸಿ ನೆಹರೂ ಅವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿದವರು.

ಇನ್ನೊಂದು ಸಾಲು ನೋಡಿ. 1942ರ ಸೆಪ್ಟೆಂಬರಿನಲ್ಲಿ ಈಸೂರಿನ ಜನ ತಮ್ಮ ಊರನ್ನೇ ಸ್ವತಂತ್ರವೆಂದು ಸಾರಿ, ನಡೆದ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತು, 1943ರ ಮಾರ್ಚಿನಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಆ ಮಾರ್ಚಿನಲ್ಲಿ ಬೋಸರು ಎಲ್ಲಿದ್ದರು? ಫೆಬ್ರವರಿಯಲ್ಲಿ ಕೀಲ್ ಬಂದರಿನಿಂದ ಹೊರಟ ಜರ್ಮನ್ ಜಲಾಂತರ್ಗಾಮಿಯಲ್ಲಿ, ಅಟ್ಲಾಂಟಿಕ್ ಸಾಗರದ ದಾರಿಯಲ್ಲಿದ್ದರು. ಏಪ್ರಿಲ್ ಕೊನೆಯಲ್ಲಿ ಮಡಗಾಸ್ಕರ್ ಸಮೀಪ ಜಪಾನಿನ ಜಲಾಂತರ್ಗಾಮಿಗೆ ಬದಲಾದರು. ಎರಡು ಅಂಕಣಗಳನ್ನು ಹೀಗೆ ಅಕ್ಕಪಕ್ಕ ಇಟ್ಟಾಗ, ಬೋಸರು ಇಲ್ಲದಿದ್ದರೆ ದೇಶದೊಳಗೆ ಯಾರೂ ಬಂಡೇಳುತ್ತಿರಲಿಲ್ಲ ಎಂಬ ಮಾತೂ, ಕಾಂಗ್ರೆಸ್ಸಿನ ಚಳವಳಿಯೆಲ್ಲ ಅಹಿಂಸೆಯಿಂದಲೇ ನಡೆಯಿತು ಎಂಬ ಮಾತೂ ತಾವಾಗಿಯೇ ಸಡಿಲವಾಗುತ್ತವೆ.

ಎಡಗಡೆಯ ಅಂಕಣದಲ್ಲಿ ತಪ್ಪದೆ ಇರಬೇಕಾದ ದಿನಾಂಕಗಳು ಕೆಲವಿವೆ. 1939ರ ಜನವರಿ 29ರಂದು ಪಟ್ಟಾಭಿ ಸೀತಾರಾಮಯ್ಯನವರನ್ನು ಸುಮಾರು 200 ಮತಗಳಿಂದ ಸೋಲಿಸಿ ಬೋಸರು ಎರಡನೆಯ ಸಲ ಅಧ್ಯಕ್ಷರಾದರು. ಮಾರ್ಚಿನ ತ್ರಿಪುರಿ ಅಧಿವೇಶನದಲ್ಲಿ ಅಂಗೀಕಾರವಾದ ಪಂತ್ ನಿರ್ಣಯ, ಗಾಂಧೀಜಿಯ ಇಚ್ಛೆಯಂತೆ ಕಾರ್ಯಕಾರಿ ಸಮಿತಿ ರಚಿಸಬೇಕೆಂದು ಅವರನ್ನು ಕಟ್ಟಿಹಾಕಿತು. ಏಪ್ರಿಲ್ ಕೊನೆಗೆ ರಾಜೀನಾಮೆ, ಮೇ ಮೊದಲ ವಾರದಲ್ಲಿ ಫಾರ್ವರ್ಡ್ ಬ್ಲಾಕ್. ಆಗಸ್ಟಿನಲ್ಲಿ ಮೂರು ವರ್ಷ ಕಾಂಗ್ರೆಸ್ಸಿನ ಯಾವುದೇ ಚುನಾಯಿತ ಸ್ಥಾನ ಹಿಡಿಯದಂತೆ ಶಿಸ್ತುಕ್ರಮ. 1941ರ ಜನವರಿ 16 ಮತ್ತು 17ರ ನಡುವಿನ ರಾತ್ರಿ ಕಲ್ಕತ್ತೆಯ ಎಲ್ಗಿನ್ ರಸ್ತೆಯ ಮನೆಯಿಂದ ಪಾರು, ಏಪ್ರಿಲ್ ಆರಂಭದಲ್ಲಿ ಬರ್ಲಿನ್. 1943ರ ಜುಲೈಯಲ್ಲಿ ಸಿಂಗಪುರದಲ್ಲಿ ಹಿರಿಯ ಕ್ರಾಂತಿಕಾರಿ ರಾಸ್‌ಬಿಹಾರಿ ಬೋಸರಿಂದ ನಾಯಕತ್ವ, ಅಕ್ಟೋಬರ್ 21ರಂದು ಆಜಾದ್ ಹಿಂದ್ ತಾತ್ಕಾಲಿಕ ಸರ್ಕಾರ. 1944ರ ಜುಲೈ 6ರಂದು ರಂಗೂನಿನಿಂದ ಗಾಂಧೀಜಿಯನ್ನು ರಾಷ್ಟ್ರಪಿತ ಎಂದು ಸಂಬೋಧಿಸಿದ ಆಕಾಶವಾಣಿ ಭಾಷಣ. ಈ ಕೊನೆಯದನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ. ಗಾಂಧಿ ಮತ್ತು ಬೋಸರನ್ನು ಎದುರುಬದುರು ನಿಲ್ಲಿಸಿ ಒಬ್ಬರನ್ನು ಬೀಳಿಸುವುದೇ ಉಪನ್ಯಾಸವೆಂದು ತಿಳಿದವರಿಗೆ ಇದೂ, ಫೌಜಿನ ದಳಗಳಿಗೆ ಗಾಂಧಿ, ನೆಹರೂ, ಆಜಾದ್ ಎಂಬ ಹೆಸರುಗಳಿದ್ದದ್ದೂ ನೆನಪಾಗಬೇಕು.

ಮಾತು ಯಾರದು, ಯಾವಾಗ ಬರೆದದ್ದು

ನಾನು ಹೆಚ್ಚು ಸಮಯ ಕೊಡಿ ಎನ್ನುವುದು ಈ ಹಂತಕ್ಕೆ. ನೀವು ಉಲ್ಲೇಖಿಸಲಿರುವ ಪ್ರತಿಯೊಂದು ಮಾತಿನ ಎದುರು ಮೂರು ವಿವರ ಬರೆಯಿರಿ: ಹೇಳಿದವರು ಯಾರು, ಕೇಳಿ ದಾಖಲಿಸಿದವರು ಯಾರು, ಆಡಿದ ಮಾತಿಗೂ ಅದು ಬರಹಕ್ಕೆ ಇಳಿದದ್ದಕ್ಕೂ ನಡುವೆ ಎಷ್ಟು ವರ್ಷ.

ನನ್ನನ್ನು ಬೀಳಿಸಿದ ಅಟ್ಲಿಯ ಮಾತಿಗೇ ಇದನ್ನು ಅನ್ವಯಿಸಿ ನೋಡೋಣ. 1956ರಲ್ಲಿ ಅಟ್ಲಿ ಕಲ್ಕತ್ತೆಗೆ ಬಂದಾಗ, ಅಲ್ಲಿನ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯಾಗಿದ್ದು ಪ್ರಭಾರಿ ರಾಜ್ಯಪಾಲರೂ ಆಗಿದ್ದ ಪಿ.ಬಿ. ಚಕ್ರವರ್ತಿಯವರೊಡನೆ ಖಾಸಗಿಯಾಗಿ ಮಾತನಾಡಿದರು. ಆ ಸಂಭಾಷಣೆ ಚಕ್ರವರ್ತಿಯವರ ಪತ್ರದ ಮೂಲಕ ಹೊರಗೆ ಬಂದದ್ದು 1976ರಲ್ಲಿ, ಅಂದರೆ 20 ವರ್ಷಗಳ ನಂತರ, ಅಟ್ಲಿ ತೀರಿಕೊಂಡ ಮೇಲೆ. ಅಧಿಕಾರದಲ್ಲಿದ್ದಾಗಿನ ಅಟ್ಲಿಯ ಸರ್ಕಾರಿ ದಾಖಲೆಯಲ್ಲ ಅದು, ಅವರ ಕೈಬರಹವೂ ಅಲ್ಲ. ಇದರಿಂದ ಚಕ್ರವರ್ತಿಯವರು ಸುಳ್ಳು ಹೇಳಿದರು ಎಂದಾಗುವುದಿಲ್ಲ. ಅವರು ಹೊಣೆಯರಿತ ನ್ಯಾಯಾಧೀಶರು. ಆದರೆ ಒಬ್ಬರ ನೆನಪಿನಲ್ಲಿ 20 ವರ್ಷ ಉಳಿದ ಇನ್ನೊಬ್ಬರ ಮಾತಿಗೆ ಎಷ್ಟು ತೂಕವೋ ಅಷ್ಟೇ ತೂಕ ಕೊಡಬೇಕು. ವೇದಿಕೆಯ ಮೇಲೆ "ಅಟ್ಲಿ ಒಪ್ಪಿಕೊಂಡರು" ಎನ್ನುವ ಬದಲು "ಅಟ್ಲಿ ತಮಗೆ ಹೀಗೆ ಹೇಳಿದರೆಂದು ಚಕ್ರವರ್ತಿಯವರು ಬರೆದಿದ್ದಾರೆ" ಎಂದರೆ ಮಾತು ಉದ್ದವಾಗುತ್ತದೆ, ಚಪ್ಪಾಳೆ ಬೀಳುವುದಿಲ್ಲ, ಆದರೆ ಮುಂದಿನ ಸಾಲಿನ ಮೇಷ್ಟ್ರ ಎದುರು ತಲೆತಗ್ಗಿಸಬೇಕಾಗುವುದಿಲ್ಲ.

ಇದೇ ವಿಷಯಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯವೊಂದಿದೆ, ಆದರೂ ಅದನ್ನು ಬಳಸುವವರು ಕಡಿಮೆ. ಕೆಂಪುಕೋಟೆಯ ವಿಚಾರಣೆಯಲ್ಲಿ ಶಾ ನವಾಜ್ ಖಾನ್, ಪ್ರೇಮ್ ಕುಮಾರ್ ಸೆಹಗಲ್ ಮತ್ತು ಗುರ್ಬಕ್ಷ್ ಸಿಂಗ್ ಧಿಲ್ಲೋನ್ ಅವರಿಗೆ ಆಜೀವ ಗಡೀಪಾರಿನ ಶಿಕ್ಷೆಯಾಯಿತು. ಸೇನಾ ಮಹಾದಂಡನಾಯಕ ಆಕಿನ್‌ಲೆಕ್ 1946ರ ಜನವರಿ ಆರಂಭದಲ್ಲಿ ಆ ಶಿಕ್ಷೆಯನ್ನು ರದ್ದು ಮಾಡಿದರು. ಏಕೆ ಹಾಗೆ ಮಾಡಿದೆ ಎಂದು ತಮ್ಮ ಹಿರಿಯ ಬ್ರಿಟಿಷ್ ಅಧಿಕಾರಿಗಳಿಗೆ ಬರೆದ ಗೋಪ್ಯ ಪತ್ರದಲ್ಲಿ, ಶಿಕ್ಷೆಯನ್ನು ಜಾರಿಗೊಳಿಸಲು ಹೊರಟಿದ್ದರೆ ದೇಶದಲ್ಲಿ ಗೊಂದಲವೂ ಸೇನೆಯಲ್ಲಿ ಬಂಡಾಯವೂ ಆಗುವ ಸಂಭವವಿತ್ತು ಎಂಬ ಅರ್ಥದ ವಿವರಣೆ ಇದೆ. ಆಗಲೇ ಬರೆದದ್ದು, ಅಧಿಕಾರದಲ್ಲಿದ್ದವರು ಬರೆದದ್ದು, ಹೊರಗಿನವರು ಓದಲೆಂದು ಬರೆದದ್ದಲ್ಲ. ಬೋಸರನ್ನು ಮೆಚ್ಚುವವರು ಅಟ್ಲಿಯನ್ನು ಬಿಟ್ಟು ಆಕಿನ್‌ಲೆಕ್ ಅವರನ್ನು ಹಿಡಿದುಕೊಂಡರೆ ಅವರ ವಾದಕ್ಕೇ ಬಲ ಬರುತ್ತದೆ.

ವಿರುದ್ಧ ದಿಕ್ಕಿನ ಉದಾಹರಣೆಯೂ ಬೇಕು. ಬೋಸರನ್ನು ಯುದ್ಧಾಪರಾಧಿ ಎಂದು ಕರೆದು ನೆಹರೂ ಅಟ್ಲಿಗೆ ಬರೆದರೆನ್ನಲಾದ, 1945ರ ಡಿಸೆಂಬರ್ ಕೊನೆಯ ದಿನಾಂಕದ ಒಂದು ಪತ್ರ ಪ್ರತಿವರ್ಷ ಮೊಬೈಲಿಗೆ ಬರುತ್ತದೆ. ಅದರ ಬೇರು ಹುಡುಕಿದರೆ, ಎಷ್ಟೋ ವರ್ಷಗಳ ನಂತರ ಬೋಸರ ಸಾವಿನ ತನಿಖೆಗೆ ನೇಮಕವಾದ ಖೋಸ್ಲಾ ಆಯೋಗದ ಮುಂದೆ ಶೀಘ್ರಲಿಪಿಗಾರರೊಬ್ಬರು ನೆನಪಿನಿಂದ ನುಡಿದ ಸಾಕ್ಷ್ಯಕ್ಕೆ ಹೋಗಿ ಮುಟ್ಟುತ್ತದೆ. ಹರಿದಾಡುವ ಪ್ರತಿಯಲ್ಲಿ ಅಟ್ಲಿಯ ಹೆಸರಿನ ಕಾಗುಣಿತವೇ ತಪ್ಪಾಗಿದೆ. ಅದೇ ದಿನಗಳಲ್ಲಿ ನೆಹರೂ ಹಲವು ವರ್ಷಗಳ ನಂತರ ವಕೀಲರ ಗೌನು ತೊಟ್ಟು, ಭೂಲಾಭಾಯಿ ದೇಸಾಯಿ ನೇತೃತ್ವದ ತಂಡದಲ್ಲಿ ಫೌಜಿನ ಅಧಿಕಾರಿಗಳ ಪರವಾಗಿ ಕೆಂಪುಕೋಟೆಯಲ್ಲಿ ನಿಂತಿದ್ದರು. ಹಾಗೆಂದು ನೆಹರೂಗೆ ಬೋಸರ ದಾರಿ ಒಪ್ಪಿಗೆಯಿತ್ತು ಎಂದೂ ಹೇಳಬೇಡಿ. ಜಪಾನೀ ಸೇನೆಯೊಡನೆ ಬೋಸರು ಬಂದರೆ ತಾವು ಎದುರಿಸುವುದಾಗಿ 1942ರಲ್ಲಿ ನೆಹರೂ ಬಹಿರಂಗವಾಗಿಯೇ ಹೇಳಿದ್ದರು. ಎರಡನ್ನೂ ಹೇಳಿ, ಎರಡರ ಇಸವಿಯನ್ನೂ ಹೇಳಿ.

ಕೈಗೆ ಬಂದ ಪತ್ರವೋ ಭಾಷಣವೋ ನಕಲಿಯೇ ಎಂದು ನೋಡಲು ಒಂದು ಸುಲಭದ ಪರೀಕ್ಷೆಯಿದೆ. "ನೇತಾಜಿ" ಎಂಬ ಬಿರುದು ಬಳಕೆಗೆ ಬಂದದ್ದು 1942ರಲ್ಲಿ, ಜರ್ಮನಿಯಲ್ಲಿದ್ದ ಭಾರತೀಯ ಸೈನಿಕರ ನಡುವೆ. 1939ರ ತ್ರಿಪುರಿಯಲ್ಲಿ ಯಾರೋ ಅವರನ್ನು ನೇತಾಜಿ ಎಂದು ಸಂಬೋಧಿಸಿದರೆಂದು ಬರಹವೊಂದರಲ್ಲಿ ಕಂಡರೆ, ಅದು ಅನಂತರ ಯಾರೋ ತಿದ್ದಿದ್ದು, ಇಲ್ಲವೇ ಪೂರ್ತಿ ಕಟ್ಟಿದ್ದು. ಇದೇ ಕಾರಣಕ್ಕೆ ಉಪನ್ಯಾಸದಲ್ಲಿಯೂ 1942ರವರೆಗೆ "ಬೋಸರು" ಅಥವಾ "ಸುಭಾಷರು" ಎಂದು, ಅನಂತರದ ಭಾಗದಲ್ಲಿ "ನೇತಾಜಿ" ಎಂದು ಕರೆಯುವುದು ನನ್ನ ರೂಢಿ. ಕೇಳುವವರಿಗೆ ಕಾಲ ಬದಲಾದದ್ದು ಕಿವಿಗೇ ತಿಳಿಯುತ್ತದೆ.

ಅಕ್ಷರಾಷ್ಟ್ರಗಳ ಭಾಗವನ್ನು ಹಾರಿಸಬೇಡಿ

ಅಭಿಮಾನಿಗಳು ಜರ್ಮನಿ, ಜಪಾನ್‌ಗಳ ಜೊತೆಗಿನ ಮೈತ್ರಿಯ ಈ ಭಾಗವನ್ನು "ಶತ್ರುವಿನ ಶತ್ರು ಮಿತ್ರ" ಎಂಬ ಒಂದೇ ಮಾತಿನಲ್ಲಿ ದಾಟಿಬಿಡುತ್ತಾರೆ. ವಿರೋಧಿಗಳು ಒಂದೇ ಛಾಯಾಚಿತ್ರದಲ್ಲಿ ಮುಗಿಸುತ್ತಾರೆ. 1942ರ ಮೇ ತಿಂಗಳಿನಲ್ಲಿ ಹಿಟ್ಲರನನ್ನು ಭೇಟಿ ಮಾಡಿದ ಚಿತ್ರ ಅದು. ಆ ಭೇಟಿಯಲ್ಲಿ ಬೋಸರು ಕೇಳಿದ್ದು ಭಾರತದ ಸ್ವಾತಂತ್ರ್ಯವನ್ನು ಬೆಂಬಲಿಸುವ ಸಾರ್ವಜನಿಕ ಘೋಷಣೆಯನ್ನು, ಹಿಟ್ಲರ್ ಅದನ್ನು ಕೊಡಲಿಲ್ಲ. ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರಿಂದ ಕಟ್ಟಿದ ಸುಮಾರು 3,000 ಜನರ ದಳದ ಪ್ರತಿಜ್ಞೆಯಲ್ಲಿ ಬೋಸರ ಹೆಸರಿನ ಜೊತೆಗೆ ಹಿಟ್ಲರನ ಹೆಸರೂ ಇತ್ತು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟರೆ, ಬೋಸರು ಕೊಟ್ಟದ್ದೇನು, ಪಡೆದದ್ದೇನು ಎಂಬ ಲೆಕ್ಕ ಸಭೆಯ ಎದುರಿಗೆ ಬರುತ್ತದೆ.

ಅವರ ವಿಚಾರಗಳ ಬಗ್ಗೆ ಮಾತನಾಡುವುದಾದರೆ 1935ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ಭಾರತದಲ್ಲಿ ನಿಷೇಧಕ್ಕೊಳಗಾದ ಅವರದೇ ಪುಸ್ತಕ "ದಿ ಇಂಡಿಯನ್ ಸ್ಟ್ರಗಲ್" ಅನ್ನು ಓದದೆ ಆಗದು. ಕಮ್ಯುನಿಸಂ ಮತ್ತು ಫ್ಯಾಸಿಸಂಗಳ ಸಮನ್ವಯವೊಂದು ಸಾಧ್ಯ ಎಂಬ ಮಾತು ಅದರಲ್ಲಿದೆ. 1938ರ ಜನವರಿಯಲ್ಲಿ ಲಂಡನ್ನಿನಲ್ಲಿ ಬ್ರಿಟನ್ನಿನ ಕಮ್ಯುನಿಸ್ಟ್ ನಾಯಕ ರಜನಿ ಪಾಮ್ ದತ್ತ್ ಅವರಿಗೆ ನೀಡಿದ ಸಂದರ್ಶನದಲ್ಲಿ, ತಾವು ಬಳಸಿದ ಪದಗಳು ಬಹುಶಃ ಸಮಂಜಸವಾಗಿರಲಿಲ್ಲ ಎಂದು ಬೋಸರೇ ಹೇಳಿದರು. ಮೊದಲನೆಯದನ್ನು ಮಾತ್ರ ಹೇಳುವವರೂ ಇದ್ದಾರೆ, ಎರಡನೆಯದನ್ನು ಮಾತ್ರ ಹೇಳುವವರೂ ಇದ್ದಾರೆ. ಒಬ್ಬರು ಇನ್ನೊಬ್ಬರ ಸಭೆಗೆ ಹೋಗುವುದಿಲ್ಲ ಎಂಬುದೇ ತೊಂದರೆ.

ಅಂಡಮಾನನ್ನು ನಾನು ಯಾವ ಉಪನ್ಯಾಸದಲ್ಲಿಯೂ ಬಿಡುವುದಿಲ್ಲ. 1943ರ ನವೆಂಬರಿನಲ್ಲಿ ದ್ವೀಪಗಳನ್ನು ಆಜಾದ್ ಹಿಂದ್ ಸರ್ಕಾರಕ್ಕೆ ಒಪ್ಪಿಸುವುದಾಗಿ ಜಪಾನ್ ಸಾರಿತು. ಡಿಸೆಂಬರ್ 30ರಂದು ಬೋಸರು ಪೋರ್ಟ್ ಬ್ಲೇರಿನಲ್ಲಿ ತ್ರಿವರ್ಣ ಧ್ವಜ ಹಾರಿಸಿದರು, ದ್ವೀಪಗಳಿಗೆ ಶಹೀದ್ ಮತ್ತು ಸ್ವರಾಜ್ ಎಂಬ ಹೆಸರುಗಳು ಬಂದವು. ಪ್ರತಿ ವರ್ಷ ಸ್ಮರಣೆಯಾಗುವುದು ಇಷ್ಟು. ಆದರೆ ಆಡಳಿತದ ನಿಜವಾದ ಹಿಡಿತ ಜಪಾನೀ ನೌಕಾಪಡೆಯ ಕೈಯಲ್ಲೇ ಉಳಿಯಿತು. ಬೇಹುಗಾರಿಕೆಯ ಆರೋಪ ಹೊರಿಸಿ ಅವರು ಸ್ಥಳೀಯ ಭಾರತೀಯರನ್ನು ಅದೇ ಊರಿನ ಜೈಲಿನಲ್ಲಿ ಹಿಂಸಿಸುತ್ತಿದ್ದರು. ಬೋಸರು ಬಂದುಹೋಗಿ ಒಂದು ತಿಂಗಳಾಗಿತ್ತಷ್ಟೆ, 1944ರ ಜನವರಿ 30ರಂದು ಹಂಫ್ರೀಗಂಜ್‌ನಲ್ಲಿ 44 ಮಂದಿಯನ್ನು ಗುಂಡಿಕ್ಕಿ ಕೊಂದರು. ಧ್ವಜ ಹಾರಿದ್ದೂ ನಿಜ, ಆ ಧ್ವಜದ ನೆರಳಿನಲ್ಲಿ ಅಧಿಕಾರವಿರಲಿಲ್ಲ ಎಂಬುದೂ ನಿಜ. ಬೋಸರ ಮೈತ್ರಿಯ ಮಿತಿ ಎಲ್ಲಿತ್ತು ಎಂದು ತೋರಿಸಲು ಬರ್ಲಿನ್ನಿನ ಛಾಯಾಚಿತ್ರಕ್ಕಿಂತ ಇದು ಹೆಚ್ಚು ಸಹಾಯ ಮಾಡುತ್ತದೆ.

ಅಳೆಯುವ ಕೋಲು ಒಂದೇ ಇರಲಿ. ಬರ್ಮಾದ ಆಂಗ್ ಸಾನ್ ಜಪಾನಿನ ನೆರವಿನಿಂದ ಸೇನೆ ಕಟ್ಟಿ, 1945ರ ಮಾರ್ಚಿನಲ್ಲಿ ಅದೇ ಜಪಾನಿನ ವಿರುದ್ಧ ತಿರುಗಿಬಿದ್ದರು. ಇಂಡೋನೇಷ್ಯದ ಸುಕರ್ಣೋ ಜಪಾನೀ ಆಡಳಿತದೊಡನೆ ಕೆಲಸ ಮಾಡಿ, ಜಪಾನ್ ಶರಣಾದ ಎರಡೇ ದಿನಕ್ಕೆ ಸ್ವಾತಂತ್ರ್ಯ ಸಾರಿದರು. ಅವರಿಬ್ಬರೂ ತಂತಮ್ಮ ದೇಶಗಳಲ್ಲಿ ರಾಷ್ಟ್ರಸ್ಥಾಪಕರು. ಬೋಸರ ಸ್ಥಾನ ಮಾತ್ರ ವಾದಗ್ರಸ್ತವಾಗಿ ಉಳಿದದ್ದಕ್ಕೆ, ಅದೇ ಹೊತ್ತಿನಲ್ಲಿ ಇಲ್ಲಿ ಇನ್ನೊಂದು ದೊಡ್ಡ ಚಳವಳಿ ನಡೆಯುತ್ತಿದ್ದುದೂ, ಬ್ರಿಟಿಷರ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಭಾರತೀಯರೇ ಇದ್ದುದೂ ಕಾರಣವೆಂದು ನನಗನಿಸುತ್ತದೆ. ಇಂಫಾಲ ಮತ್ತು ಕೊಹಿಮಾಗಳಲ್ಲಿ ಎದುರುಬದುರಾದವರಲ್ಲಿ ಎರಡೂ ಕಡೆ ಭಾರತೀಯರಿದ್ದರು. ನಿಮ್ಮ ಸಭೆಯಲ್ಲಿ ಕುಳಿತವರಲ್ಲಿ ಯಾರ ಅಜ್ಜ ಯಾವ ಕಡೆ ಇದ್ದರೋ ಹೇಳಲಾಗದು. ಬೆಂಗಳೂರಿನ ಹಲಸೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್‌ನಂಥ ದಳಗಳ ಕುಟುಂಬಗಳು ಈ ಊರಿನಲ್ಲಿ ಸಾಕಷ್ಟಿವೆ. ಒಂದು ಕಡೆಯವರನ್ನು ಸಾರಾಸಗಟಾಗಿ ಕೂಲಿ ಸಿಪಾಯಿಗಳೆಂದು ಕರೆಯುವ ಮೊದಲು ಇದನ್ನು ನೆನೆಯಿರಿ.

ಸಂಖ್ಯೆಗಳ ವಿಷಯದಲ್ಲಿ ಒಂದು ಮಾತು. ಫೌಜಿನ ಒಟ್ಟು ಬಲವನ್ನು ಸಾಮಾನ್ಯವಾಗಿ 40,000ದ ಆಸುಪಾಸು ಎನ್ನುತ್ತಾರೆ, ಅದಕ್ಕಿಂತ ದೊಡ್ಡ ಅಂಕಿಗಳೂ ಓಡಾಡುತ್ತವೆ. ಅಂಕಿ ಹೇಳುವಾಗ ಯಾರನ್ನು ಎಣಿಸಿದ್ದೆಂದು ಹೇಳಿ: ಸಿಂಗಪುರ ಬಿದ್ದಾಗ ಸೆರೆಯಾದ ಸೈನಿಕರೇ, ಮಲಯದ ರಬ್ಬರ್ ತೋಟಗಳಿಂದ ಬಂದ ತಮಿಳು ಕಾರ್ಮಿಕರೂ ಸೇರಿದ್ದಾರೆಯೇ, 1942ರ ಡಿಸೆಂಬರಿನಲ್ಲಿ ವಿಸರ್ಜನೆಯಾದ ಮೋಹನ್ ಸಿಂಗರ ಮೊದಲ ಫೌಜೇ, ಬೋಸರ ಎರಡನೆಯ ಫೌಜೇ? ಇಂಫಾಲದ ಕಡೆಗೆ ಹೋದವರು ಇದರಲ್ಲಿ ಒಂದು ಸಣ್ಣ ಭಾಗ ಮಾತ್ರ.

ಸ್ವಾತಂತ್ರ್ಯ ತಂದವರು ಯಾರು

ಮೂರನೆಯ ವಾದವನ್ನು ಆಯ್ದುಕೊಂಡವರು ದಿನಾಂಕಗಳ ಬಲೆಗೆ ಬೀಳುವುದು ಸುಲಭ. 1946ರ ಫೆಬ್ರವರಿ 18ರಂದು ಮುಂಬಯಿಯ ತಲ್ವಾರ್ ನೌಕಾನೆಲೆಯಲ್ಲಿ ನಾವಿಕರ ಬಂಡಾಯ ಆರಂಭವಾಯಿತು. ಮರುದಿನ, ಫೆಬ್ರವರಿ 19ರಂದು, ಅಧಿಕಾರ ಹಸ್ತಾಂತರದ ಮಾತುಕತೆಗೆ ಭಾರತಕ್ಕೆ ಸಂಪುಟ ನಿಯೋಗ (ಕ್ಯಾಬಿನೆಟ್ ಮಿಷನ್) ಕಳಿಸುವುದಾಗಿ ಲಂಡನ್ ಪ್ರಕಟಿಸಿತು. ಬಂಡಾಯಕ್ಕೆ ಹೆದರಿ ನಿಯೋಗ ಕಳಿಸಿದರು ಎಂದು ಹೇಳಲು ಇದಕ್ಕಿಂತ ಅಚ್ಚುಕಟ್ಟಾದ ಜೋಡಿ ಬೇಕೇ? ಆದರೆ ನಿಯೋಗದ ನಿರ್ಧಾರ ಜನವರಿಯಲ್ಲೇ ಆಗಿತ್ತು. ಒಂದರ ಹಿಂದೆ ಒಂದು ಬಂದದ್ದೆಲ್ಲ ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ. ಹಾಗೆಂದು ಫೌಜಿನ ವಿಚಾರಣೆ, ಕಲ್ಕತ್ತೆಯ ಬೀದಿಗಳಲ್ಲಿ ನವೆಂಬರ್ ಮತ್ತು ಫೆಬ್ರವರಿಯಲ್ಲಿ ಎದ್ದ ಪ್ರತಿಭಟನೆ, ನಾವಿಕರ ಬಂಡಾಯ, ಇವುಗಳ ಒಟ್ಟು ಪರಿಣಾಮವನ್ನು ತಳ್ಳಿಹಾಕಲಾಗದು. ಭಾರತೀಯ ಸೈನಿಕರನ್ನು ನೆಚ್ಚಿಕೊಂಡು ಆಳುವ ಕಾಲ ಮುಗಿಯಿತೆಂಬ ಅರಿವು ಆ ಚಳಿಗಾಲದ ಬ್ರಿಟಿಷ್ ಪತ್ರವ್ಯವಹಾರದಲ್ಲಿ ಕಾಣುತ್ತದೆ. ಅಧಿಕಾರ ಹಸ್ತಾಂತರಕ್ಕೆ ಸಂಬಂಧಿಸಿದ ಆ ಕಾಗದಪತ್ರಗಳನ್ನು ಬ್ರಿಟಿಷ್ ಸರ್ಕಾರವೇ 1970 ಮತ್ತು 1983ರ ನಡುವೆ 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದೆ. ಅದರ ಜೊತೆಗೆ 1945ರ ಜುಲೈಯಲ್ಲಿ ಲೇಬರ್ ಪಕ್ಷ ಗೆದ್ದದ್ದು, ಯುದ್ಧದ ಕೊನೆಗೆ ಬ್ರಿಟನ್ ಭಾರತಕ್ಕೇ ಸುಮಾರು 130 ಕೋಟಿ ಪೌಂಡ್ ಸಾಲಗಾರನಾಗಿದ್ದದ್ದು ಇವನ್ನೂ ಇಡಬೇಕು.

ನಮ್ಮೂರಿನ ಸಭೆಯಲ್ಲಿ ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಸಬಹುದು. 1947ರ ಆಗಸ್ಟ್ 15 ಬಂದರೂ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬರಲಿಲ್ಲ. ಅದಕ್ಕಾಗಿ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ನಡೆಸಬೇಕಾಯಿತು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಸ್ವಾತಂತ್ರ್ಯ ತಂದವರು ಯಾರು ಎಂದು ಕೇಳುವಾಗ ಯಾವ ಸ್ವಾತಂತ್ರ್ಯ, ಯಾವ ಊರಿಗೆ ಎಂದೂ ಕೇಳಬೇಕಾಗುತ್ತದೆ.

ಬೆಂಗಳೂರಿನಲ್ಲಿ ಆಕರಗಳು

ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯದಿಂದ ಆರಂಭಿಸಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯಲ್ಲಿ ಹಳೆಯ ಪುಸ್ತಕಗಳಿವೆ, ಬುಲ್ ಟೆಂಪಲ್ ರಸ್ತೆಯಲ್ಲಿ ಡಿವಿಜಿಯವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿದೆ. ಮೈಸೂರು ಸರ್ಕಾರದ ಕಡತಗಳಿಗೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ ಇಲಾಖೆಗೆ ಗುರುತಿನ ಚೀಟಿಯೊಡನೆ, ಬಿಡುವು ಮಾಡಿಕೊಂಡು ಹೋಗಬೇಕು. ಬೋಸರ ಬರಹಗಳು ಕೋಲ್ಕತ್ತದ ನೇತಾಜಿ ಸಂಶೋಧನಾ ಸಂಸ್ಥೆಯ ಮೂಲಕ 12 ಸಂಪುಟಗಳಲ್ಲಿ ಬಂದಿವೆ. 1939ರ ಗಾಂಧಿ ಬೋಸ್ ಪತ್ರವ್ಯವಹಾರದ ಒಂದು ಬದಿ ಗಾಂಧೀಜಿಯ ಸಮಗ್ರ ಬರಹಗಳ 100 ಸಂಪುಟಗಳಲ್ಲಿದ್ದು, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. 2016ರ ಜನವರಿ 23ರಿಂದ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಕಡತಗಳನ್ನೂ ಮನೆಯಲ್ಲೇ ಕೂತು ನೋಡಬಹುದು.

ಪತ್ರಿಕೆಗಳನ್ನು ಹುಡುಕುವವರಿಗೆ ಒಂದು ಎಚ್ಚರಿಕೆ. ಪ್ರಜಾವಾಣಿ ಆರಂಭವಾದದ್ದು 1948ರಲ್ಲಿ, ಆದ್ದರಿಂದ 1945ರ ಬೆಂಗಳೂರು ಏನು ಓದುತ್ತಿತ್ತು ಎಂದು ತಿಳಿಯಲು ತಾಯಿನಾಡುವಿನಂಥ ಆ ಕಾಲದ ಪತ್ರಿಕೆಗಳನ್ನೇ ಹಿಡಿಯಬೇಕು. ಯುದ್ಧಕಾಲದ ಪತ್ರಿಕೆಗಳ ಮೇಲೆ ಕಟ್ಟುನಿಟ್ಟಾದ ನಿರ್ಬಂಧಗಳಿದ್ದವು. 1943 ಮತ್ತು 1944ರ ಪುಟಗಳಲ್ಲಿ ಬೋಸರ ಹೆಸರು ಕಾಣದಿದ್ದರೆ, ಜನರಿಗೆ ಅವರ ಸುದ್ದಿ ಬೇಕಿರಲಿಲ್ಲ ಎಂದು ಅರ್ಥವಲ್ಲ. 1945ರ ನವೆಂಬರಿನಲ್ಲಿ ವಿಚಾರಣೆ ಶುರುವಾದಾಗ ತಡೆದಿಟ್ಟ ಸುದ್ದಿಯೆಲ್ಲ ಒಮ್ಮೆಲೇ ಹೊರಬಂದದ್ದೂ ಆ ವಿಚಾರಣೆಯ ಬಿಸಿಗೆ ಒಂದು ಕಾರಣ.

ಸಭೆಯ ದಿನ

ಇಸವಿಯ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಬಾಗಿಲಲ್ಲೇ ಹಂಚಿ. ಮಾತಿಗೆ ನಲವತ್ತು ನಿಮಿಷವಿದ್ದರೆ ಇಪ್ಪತ್ತೈದರಲ್ಲಿ ಮುಗಿಸಿ, ಉಳಿದದ್ದನ್ನು ಪ್ರಶ್ನೆಗಳಿಗೆ ಬಿಡಿ. ಈ ವಿಷಯದಲ್ಲಿ ಜನ ಕೇಳಲು ಬರುವುದಕ್ಕಿಂತ ಹೇಳಲು ಬರುವುದೇ ಹೆಚ್ಚು. ಇಂಡಿಯಾ ಗೇಟಿನ ಬಳಿಯ ಮಂಟಪದಲ್ಲಿ 2022ರಲ್ಲಿ ಅನಾವರಣಗೊಂಡ 28 ಅಡಿಯ ಪ್ರತಿಮೆಯನ್ನು ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್ ಎಂದು ಯಾರಾದರೂ ನೆನಪಿಸಿಯೇ ತೀರುತ್ತಾರೆ. ಆಗ, ಅದೇ ಮಂಟಪದಲ್ಲಿ 1968ರವರೆಗೆ ಐದನೇ ಜಾರ್ಜ್ ದೊರೆಯ ಪ್ರತಿಮೆ ಇತ್ತೆಂದು ತಿಳಿಸಿ, ಅಲ್ಲಿ ಯಾರನ್ನು ಕೂರಿಸಬೇಕು ಎಂಬುದು ಅಷ್ಟು ವರ್ಷ ತೀರ್ಮಾನವಾಗದೆ ಉಳಿದದ್ದೇಕೆ ಎಂದು ಸಭೆಗೇ ಕೇಳಿ.

ನಾಲ್ಕನೆಯ ವಾದ ಖಂಡಿತ ಬರುತ್ತದೆ, ನೀವು ಅದನ್ನು ಬಿಟ್ಟಿದ್ದರೂ. ಅದಕ್ಕೆ ಒಂದು ಸಣ್ಣ ಚೀಟಿ ಜೇಬಿನಲ್ಲಿರಲಿ: 1956ರ ಶಾ ನವಾಜ್ ಸಮಿತಿ ಮತ್ತು 1970ರಲ್ಲಿ ನೇಮಕವಾದ ಖೋಸ್ಲಾ ಆಯೋಗ, ತೈಹೊಕುವಿನ (ಇಂದಿನ ತೈಪೆ) ವಿಮಾನ ಅಪಘಾತದಲ್ಲಿ ಬೋಸರು ತೀರಿಕೊಂಡರೆಂದು ಹೇಳಿದವು. 1999ರಲ್ಲಿ ನೇಮಕವಾದ ಮುಖರ್ಜಿ ಆಯೋಗ ಅದನ್ನು ಒಪ್ಪಲಿಲ್ಲ, ಆ ಆಯೋಗದ ವರದಿಯನ್ನು 2006ರಲ್ಲಿ ಸರ್ಕಾರ ಒಪ್ಪಲಿಲ್ಲ. ಇಷ್ಟನ್ನು ಓದಿ ಹೇಳಿ, ಚೀಟಿಯನ್ನು ಕೇಳಿದವರ ಕೈಗೇ ಕೊಟ್ಟು, ಮುಂದಿನ ಪ್ರಶ್ನೆಗೆ ಹೋಗಿ. ಇಲ್ಲವಾದರೆ ಸಭಾಂಗಣದವರು ದೀಪ ಆರಿಸುವವರೆಗೂ ಮಾತು ತೈಹೊಕುವಿನಲ್ಲೇ ನಿಂತಿರುತ್ತದೆ, 1939ರ ಬಗ್ಗೆ ಕೇಳಬೇಕೆಂದು ಹಿಂದಿನ ಸಾಲಿನಲ್ಲಿ ಕೈಯೆತ್ತಿ ಕೂತ ಹುಡುಗಿ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋಗಿರುತ್ತಾಳೆ.